ಮೈದುನನ ಗೆರೆ, ಪಕ್ಕದವನ ಗೆರೆ

ಕೆಲವು ವರ್ಷ ನಾನು ನಮ್ಮ ಮನೆಯಲ್ಲಿ ಅನ್ನ ಬಡಿಸಲಿಲ್ಲ. ಬಡಿಸಲು ಬಿಡಲಿಲ್ಲ ಎಂದರೆ ಸರಿ. ಪಾತ್ರೆ ತೊಳೆಯುತ್ತಿದ್ದೆ, ಸೌದೆ ತರುತ್ತಿದ್ದೆ, ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದೆ. ಅಡುಗೆ ಒಲೆ ಮಾತ್ರ ಅತ್ತೆಯದು. ಹಾಲು ಕರೆಯುವುದನ್ನೂ ಅವರೇ ತೆಗೆದುಕೊಂಡಿದ್ದರು. ಸೌಟು ತೂಗುಹಾಕುವ ಮೊಳೆಯ ಕಡೆಗೆ ನನ್ನ ಕೈ ಹೋದರೆ ಸಾಕು, ಅತ್ತೆ ಹಿತ್ತಲಲ್ಲಿದ್ದರೂ ಒಂದು ಕೆಮ್ಮು ಕೇಳುತ್ತಿತ್ತು.

ಕಾರಣ ಮೈದುನ. ನಾನು ಅವನಿಗೆ ಮದ್ದು ಹಾಕಿದ್ದೇನೆ ಎನ್ನುವುದು ಅತ್ತೆಯ ನಂಬಿಕೆ.

ಮದ್ದು ಎಂದರೆ ನಮ್ಮ ಕಡೆ ಔಷಧಿಯಲ್ಲ, ಊಟದಲ್ಲಿ ಕಲೆಸಿ ಕೊಡುವ ಕೇಡು. ಕೆಲವು ಮನೆಗಳಲ್ಲಿ ಹೆಂಗಸರಿಂದ ಹೆಂಗಸರಿಗೆ ಅದು ಬರುತ್ತದೆ, ಇಟ್ಟುಕೊಂಡವರು ಯಾರಿಗಾದರೂ ಹಾಕಲೇಬೇಕು, ಇಲ್ಲದಿದ್ದರೆ ಅವರಿಗೇ ತಿರುಗುತ್ತದೆ ಎನ್ನುತ್ತಾರೆ. ಆದ್ದರಿಂದ ಮದ್ದು ಹಾಕುವುದಕ್ಕೆ ದ್ವೇಷ ಬೇಕಿಲ್ಲ. ಕಾರಣವೇ ಬೇಡದ ಅಪವಾದಕ್ಕೆ ಏನೆಂದು ಉತ್ತರ ಕೊಡುವುದು? ನನ್ನ ತವರು ಕಳಸದ ಕಡೆ. ಆ ಕಡೆ ಅಂಥ ಮನೆಗಳಿವೆಯಂತೆ ಎಂದು ಯಾರೋ ಒಮ್ಮೆ ಅತ್ತೆಯ ಮುಂದೆ ಹೇಳಿದ್ದರು. ಅಷ್ಟೇ ಸಾಕಾಯಿತು.

ನಮ್ಮನೆಯವರು ಮಲ್ಲಂದೂರು ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಾಫಿ ಕಣದ ಮೇಲ್ಗಡೆ ಎಸ್ಟೇಟಿನವರೇ ಕೊಟ್ಟ ಮನೆ. ಮೈದುನ ಅದೇ ಎಸ್ಟೇಟಿನಲ್ಲಿ ಮೆಣಸು ಕೊಯ್ಯುತ್ತಿದ್ದ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಏಣಿ ಒರಗಿಸಿ, ತುದಿಗಾಲಲ್ಲಿ ನಿಂತು, ಯಾರ ಕೈಗೂ ಎಟುಕದ ಗೊಂಚಲು ಅವನೇ ಕೀಳಬೇಕು. ಮಾತಿನಲ್ಲೂ ಹಾಗೇ, ಯಾರಿಗೂ ಎಟುಕುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಕೈಯ ಕಡುಬು, ಕೋಳಿ ಸಾರು ಎಂದರೆ ಅವನಿಗೆ ಪ್ರಾಣ. "ಅತ್ಗೆ, ಕೋಳಿ ಎಲ್ಲಿ? ಬರೀ ಸಾರು ಕಾಣ್ತದೆ. ಈಜೋಕೆ ಹೋಗಿದೆಯಾ?" ಎಂದು ಬಟ್ಟಲಿಗೆ ಬೆರಳು ಹಾಕಿ ಹುಡುಕುವವನು.

ಒಂದು ವರ್ಷ ಮೆಣಸಿನ ಕೊಯ್ಲಿನ ಹೊತ್ತಿಗೆ ಏಣಿಯ ಮೇಲೆ ತುದಿಗಾಲು ನಿಲ್ಲುತ್ತಿಲ್ಲ ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ನೋಡಿದ್ದು ಅವನ ಚಪ್ಪಲಿ. ಮುಂಭಾಗ ಹೊಸದರಂತೇ ಇತ್ತು, ಹಿಮ್ಮಡಿ ಸವೆದು ತೂತಾಗಿತ್ತು. ಆಮೇಲೆ ಮೀನಖಂಡ ಇಳಿಯುತ್ತಾ ಬಂತು. ನೆಲದಿಂದ ಏಳಬೇಕಾದರೆ ಮೊದಲು ಮಂಡಿಗೆ ಕೈ, ಆಮೇಲೆ ತೊಡೆಗೆ ಕೈ, ಆಮೇಲೆ ಬಾಗಿಲಿನ ಚೌಕಟ್ಟಿಗೆ. ಆ ಚೌಕಟ್ಟಿನಲ್ಲಿ ಅವನ ಕೈ ಹಿಡಿಯುತ್ತಿದ್ದ ಜಾಗ ಎಣ್ಣೆ ಹಿಡಿದು ಕಪ್ಪಾಗಿತ್ತು.

ದುರದೃಷ್ಟಕ್ಕೆ, ಇದಕ್ಕೆಲ್ಲ ಸ್ವಲ್ಪ ಮೊದಲು ಒಂದು ಹಬ್ಬದ ದಿನ ನನ್ನ ಕೈಯಡುಗೆ ಉಂಡು ಅವನಿಗೆ ಹೊಟ್ಟೆ ಕೆಟ್ಟಿತ್ತು. ಅತ್ತೆ ಆ ಹಬ್ಬವನ್ನೂ ಈ ಕಾಲನ್ನೂ ಗಂಟು ಹಾಕಿದರು.

ಪಕ್ಕದ ಜಿಲ್ಲೆಯ ಒಂದು ಆಸ್ಪತ್ರೆಗೆ ಹೋದೆವು. ರಕ್ತ ನೋಡಿದ ಡಾಕ್ಟರು, ಮಾಂಸಖಂಡದ ಒಳಗಿರಬೇಕಾದದ್ದು ರಕ್ತಕ್ಕೆ ಸೋರುತ್ತಿದೆ ಎಂದರು. ಮೀನಖಂಡದಿಂದ ಒಂದು ಚೂರು ತೆಗೆದು, ಮೂಗು ಉರಿಯುವ ಔಷಧಿಯ ಸೀಸೆಗೆ ಹಾಕಿ ಪರೀಕ್ಷೆಗೆ ಕಳಿಸಿದರು. ಒಳಗೆ ಉರಿಯೂತ ಇದೆ ಎಂದು ಬಂತು. ಮಾತ್ರೆ ಕೊಟ್ಟರು. ಮಾತ್ರೆಗೆ ಮುಖ ಊದಿತು, ಹಸಿವು ಹೆಚ್ಚಾಯಿತು, ಕಾಲಿಗೆ ಏನೂ ಆಗಲಿಲ್ಲ.

"ಸೋರ್ತದೆ, ಉರೀತದೆ ಅಂತ ಡಾಕ್ಟ್ರೇ ಹೇಳಿದ್ರಲ್ಲ," ಅತ್ತೆ ನನ್ನ ಮುಖ ನೋಡದೆ, ಒಲೆಯ ಮುಂದೆ ಕೂತು ಹೇಳಿದರು. "ಒಳಗೆ ಎಂಥದೋ ಕೂತ್ಕಂಡು ಕೊರೀತಿದೆ. ಅದು ತಾನಾಗೇ ಹೋಗಿ ಕೂರ್ತದಾ?"

ಆಗ ಕರೆಸಿದ್ದು ಮದ್ದು ತೆಗೆಯುವ ಅಜ್ಜನನ್ನು. ಮೂಡಿಗೆರೆಯ ಆಚೆ ದೇವರಮನೆ ಎಂಬ ಊರಿನ ಕಡೆಯ ಗುಡ್ಡದವನು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೈದುನನನ್ನು ಅಂಗಳದಲ್ಲಿ ಕೂರಿಸಿ, ಯಾವುದೋ ಸೊಪ್ಪಿನ ರಸವನ್ನು ದೊಡ್ಡ ಲೋಟದ ತುಂಬ ಹಸಿ ಹಾಲಿಗೆ ಹಿಂಡಿ ಕುಡಿಸಿದ. ಸೊಪ್ಪು ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಗುಣ ಹೋಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಬಿಸಿ ಉಪ್ಪುನೀರು. ಮೈದುನ ಕಣ್ಣಲ್ಲಿ ನೀರು ಸುರಿಸಿಕೊಂಡು ಕಾರಿದ. ಅಜ್ಜ ಒಂದು ಕಡ್ಡಿಯಿಂದ ಅದನ್ನೆಲ್ಲ ಕೆದಕಿ, ಬಾಳೆಎಲೆಯ ಮೇಲೆ ಒಂದು ಗಂಟು ಎತ್ತಿಟ್ಟ. ಹಸಿರು ಕಂದು ಬಣ್ಣ, ಒತ್ತಿದರೆ ರಬ್ಬರಿನಂತೆ ತಗ್ಗಿ ಮತ್ತೆ ಉಬ್ಬುವ ಗಂಟು.

"ಇದೇ ನೋಡಿ ಅಮ್ಮಾ. ಹೆಂಗಸಿನ ಕೈಯದು. ಮನೆ ಒಳಗಿನದೇ."

ಅತ್ತೆ ನನ್ನ ಕಡೆ ನೋಡಲಿಲ್ಲ. ಸೀದಾ ಒಳಗೆ ಹೋಗಿ ಸೌಟನ್ನು ನೀರಿಗೆ ಹಾಕಿ ತೊಳೆದರು. ಅವತ್ತಿನಿಂದ ಒಲೆ ಅವರದು.

ಮಾತು ಮನೆಯಲ್ಲೇ ನಿಂತಿದ್ದರೆ ಸಹಿಸಬಹುದಿತ್ತು. ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಒಣಗಿಸುವ ಹೆಂಗಸರು ಬಿಸಿಲು ತಾಳದೆ ನಮ್ಮ ಜಗಲಿಗೆ ಬಂದು ಕೂರುವವರು, ಲೋಟ ಕೈಗೆ ಕೊಟ್ಟರೆ, "ಈಗಷ್ಟೇ ಕುಡಿದು ಬಂದ್ವಿ ಅಕ್ಕ," ಎನ್ನತೊಡಗಿದರು. ನೀರನ್ನೂ ನಲ್ಲಿಯಿಂದ ತಾವೇ ಹಿಡಿದುಕೊಂಡು ಕುಡಿಯುವರು. ನಮ್ಮನೆಯವರು ಅಮ್ಮನ ಎದುರು ಬಾಯಿ ಬಿಡುವವರಲ್ಲ. "ಮುದುಕಿ, ಬಿಡು ಮಾರಾಯ್ತಿ," ಎಂದರು ಒಮ್ಮೆ. ಹೇಗೆ ಬಿಡುವುದು? ಅನ್ನ ಬಡಿಸುವ ಕೈಯನ್ನೇ ಕಿತ್ತುಕೊಂಡರೆ ಒಂದು ಹೆಂಗಸಿಗೆ ಆ ಮನೆಯಲ್ಲಿ ಏನು ಉಳಿಯುತ್ತದೆ?

ನನಗೂ ಅನುಮಾನ ಹತ್ತಿಕೊಂಡಿತು. ಅತ್ತೆಗೆ ನನ್ನ ಮೇಲೆ, ನನಗೆ ಉಳಿದೆಲ್ಲರ ಮೇಲೆ. ಅಜ್ಜ ಆ ಗಂಟನ್ನು ಉಗುರ ಸಂದಿಯಲ್ಲಿ ತಂದಿದ್ದನೇ? ಅವನ ಕೈಯನ್ನೇ ನೋಡುತ್ತಿದ್ದೆ, ತಂದಿರಲಿಲ್ಲ. ಹಾಗಾದರೆ ಗಂಟು ನಿಜವೇ? ನಿಜವಾದರೆ ಹಾಕಿದವರು ಯಾರು? ಅಕ್ಕಪಕ್ಕದ ಮನೆಗಳವರ ಮುಖವನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ. ಎಷ್ಟೋ ದಿನ ಮೈದುನನನ್ನೇ ಅನುಮಾನಿಸಿದೆ, ಕೆಲಸ ತಪ್ಪಿಸಿಕೊಳ್ಳಲು ಹೀಗೆ ನಡೆಯುತ್ತಾನೋ ಎಂದು. ಅವನು ಕಾಲು ಎತ್ತಲಾರದೆ ಹೊಸಿಲಿಗೆ ಎಡವಿ ಹಲ್ಲು ಮುರಿದುಕೊಂಡ ದಿನ ಆ ಯೋಚನೆ ಹೋಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಚಿಕ್ಕಮಗಳೂರಿಗೆ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರು ಅವನ ಮೀನಖಂಡ ಹಿಡಿದು ನೋಡಿ, ತುದಿಗಾಲಲ್ಲಿ ನಿಲ್ಲಲು ಹೇಳಿ, "ಆ ಮಾತ್ರೆ ಸಾಕು. ಇದು ಉರಿಯೂತ ಅಲ್ಲ ಅಂತ ನನಗೆ ಅನುಮಾನ. ಬೆಂಗಳೂರಲ್ಲಿ ಮಾಂಸದ ಪ್ರೋಟೀನ್ ಪರೀಕ್ಷೆ ಮಾಡ್ತಾರೆ, ಹೋಗಿ," ಎಂದರು. ಅನುಮಾನ ಎಂಬ ಮಾತನ್ನು ಅಷ್ಟು ತಣ್ಣಗೆ ಹೇಳಿದವರನ್ನು ನಾನು ನೋಡಿದ್ದು ಅದೇ ಮೊದಲು.

ನಾವು ಮೂವರು ಹೊರಟೆವು. ಅತ್ತೆ ಬುತ್ತಿ ಕಟ್ಟಿ ಕಿರಿಮಗನ ಕೈಗೇ ಕೊಟ್ಟರು. "ಖಾಲಿಯಾದ್ರೆ ಹೋಟ್ಲಲ್ಲಿ ತಿನ್ನು. ಬೇರೆ ಯಾರ ಕೈಯಿಂದಲೂ ಇಸ್ಕಬೇಡ."

ಬಸ್ಸಿನಲ್ಲಿ ಮೈದುನ ಬುತ್ತಿ ಬಿಚ್ಚಿ, ಅಕ್ಕಿ ರೊಟ್ಟಿಯಲ್ಲಿ ಅರ್ಧ ಹರಿದು ನನಗೆ ಕೊಟ್ಟ. "ತಗಳಿ ಅತ್ಗೆ. ನಂಗೆ ನಿಮ್ಮ ಮೇಲೆ ಅನುಮಾನ ಇಲ್ಲ. ಹಾಕಿದ್ರೂ ಎಂಥ, ರುಚಿಯಾಗೇ ಇರ್ತದೆ."

ನಮ್ಮನೆಯವರು ಕಿಟಕಿ ಕಡೆ ತಿರುಗಿ ನಕ್ಕರು. ನನಗೆ ನಗು ಬರಲಿಲ್ಲ.

ಆಸ್ಪತ್ರೆಯಲ್ಲಿ ಅವನ ತೊಡೆಯ ಚರ್ಮ ಮರಗಟ್ಟಿಸಿ, ಕುಯ್ದು, ಒಂದು ಚೂರು ತೆಗೆದರು. ಕಾಫಿ ಹಣ್ಣಿನಷ್ಟು, ಬಣ್ಣವೂ ಹೆಚ್ಚುಕಡಿಮೆ ಅದೇ. ನರ್ಸು ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಐಸಿನ ಡಬ್ಬಿಯಲ್ಲಿಟ್ಟು, ಓಡುವಂತೆ ನಡೆದಳು. ನಾನು ಹಿಂದೆಯೇ ಹೋದೆ. ಕಾಫಿ ವ್ಯಾಪಾರದ ಜಾಗದಲ್ಲಿ ಬಾಳಿದವಳು ನಾನು. ಚೂಪು ಕೊಳವೆಯನ್ನು ಮೂಟೆಗೆ ಚುಚ್ಚಿ ಮಾದರಿ ತೆಗೆಯುವುದನ್ನು ದಿನಾ ನೋಡಿದವಳು. ಯಾವ ಮೂಟೆಗೆ, ಯಾವ ಮೂಲೆಗೆ ಚುಚ್ಚಿದರು ಎನ್ನುವುದರ ಮೇಲೆ ಇಡೀ ಲೋಡಿನ ಹೆಸರು ನಿಲ್ಲುತ್ತದೆ. ನನ್ನ ಹೆಸರೂ ಈಗ ಆ ಚೂರಿನಲ್ಲಿತ್ತು. ಅದರ ಮೇಲಿನ ಕಣ್ಣು ತೆಗೆಯುವುದು ಹೇಗೆ?

ಪ್ರಯೋಗಾಲಯದ ಬಾಗಿಲಲ್ಲಿ ತಡೆದರು. ಒಳಗೆ ಕೈಗವಸು ಹಾಕಿಕೊಂಡ ಒಬ್ಬರು ಮೇಡಂ ಆ ಚೂರನ್ನು ಬೆಂಡಿನ ಸಣ್ಣ ಬಿಲ್ಲೆಯ ಮೇಲೆ ಅಂಟಿನಿಂದ ನಿಲ್ಲಿಸಿ, ಬಿಳಿ ಹೊಗೆ ಉಕ್ಕುತ್ತಿದ್ದ ಪಾತ್ರೆಯೊಳಗೆ ಇಕ್ಕಳದಿಂದ ಅದ್ದಿದರು. ಹೊಗೆ ಬಿಸಿಯದಲ್ಲ, ಚಳಿಯದು. ಮೇಜಿನಿಂದ ಕೆಳಗೆ ಇಳಿದು ನೆಲದ ಮೇಲೆ ಹರಿಯುತ್ತಿತ್ತು. ಪಕ್ಕದಲ್ಲಿ ಅಂಥವೇ ಚೂರುಗಳ ಡಬ್ಬಿಗಳು ಸಾಲಾಗಿದ್ದವು.

"ಮೇಡಂ, ಇಷ್ಟರಲ್ಲಿ ಅವನದ್ಯಾವ್ದು ಅಂತ ಆಮೇಲೆ ಹೆಂಗೆ ಗೊತ್ತಾಗ್ತದೆ?" ಬಾಗಿಲಿನಿಂದಲೇ ಕೇಳಿದೆ.

ಅವರು ತಲೆ ಎತ್ತಿದರು. "ನಂಬರ್ ಹಾಕ್ತೀವಮ್ಮ. ನೀವು ಮೂಡಿಗೆರೆ ಕಡೆಯವ್ರಾ?"

"ಮಲ್ಲಂದೂರು ಕಡೆ."

"ಮಾತಲ್ಲೇ ಗೊತ್ತಾಯ್ತು. ನಮ್ಮಜ್ಜಿ ಮನೆ ಜಾವಳಿ ಹತ್ರ."

ಆ ಒಂದು ಮಾತು ಹಿಡಿದುಕೊಂಡು ನಾನು ಇನ್ನೊಂದು ಕೇಳಿದೆ. "ಹೋದ ಸಲ ಔಷಧಿ ಸೀಸೆಗೆ ಹಾಕಿದ್ರು. ಈ ಸಲ ಎಂತಕ್ಕೆ ಹಿಂಗೆ?"

"ಅದು ಉಪ್ಪಿನಕಾಯಿ ಹಾಕಿದಂಗೆ. ಆಕಾರ ಉಳೀತದೆ, ಒಳಗಿನ ಗುಣ ಕೇಳೋಕೆ ಬರಲ್ಲ. ನಾವು ಮಾಡೋ ಪರೀಕ್ಷೆಗೆ ಹಸಿ ಮಾಂಸವೇ ಬೇಕು, ಅದೂ ಕಣ್ಣು ಮಿಟುಕಿಸೋದ್ರಲ್ಲಿ ಹೆಪ್ಪುಗಟ್ಟಬೇಕು. ನಿಧಾನ ಆದ್ರೆ ಒಳಗೆ ಐಸ್ ಹರಳು ಬೆಳೆದು ತೂತು ತೂತಾಗ್ತದೆ. ಆಮೇಲೆ ತೂತು ರೋಗದ್ದಾ ಐಸಿಂದಾ ಅಂತ ಹೇಳೋಕಾಗಲ್ಲ."

ಎಸ್ಟೇಟಿನ ಬಂಗಲೆಯಲ್ಲಿ ಫ್ರಿಜ್ಜಿನ ಮೇಲಿನ ಗೂಡಿಗೆ ಇಟ್ಟ ಕುಂಬಳಕಾಯಿ ಹೋಳು ಹೊರಗೆ ತೆಗೆದರೆ ಜಾಳುಜಾಳಾಗುವುದನ್ನು ನೋಡಿದ್ದೆ. ತಲೆ ಆಡಿಸಿದೆ. ಆದರೂ ನಂಬಲಿಲ್ಲ.

ಫಲಿತಾಂಶಕ್ಕೆ ಕೊಯ್ಲು ಮುಗಿದ ಮೇಲೆ ಮತ್ತೆ ಹೋದೆವು. ಡಾಕ್ಟರು, ಒಂದು ಪ್ರೋಟೀನ್ ಇಲ್ಲ, ಅದಕ್ಕೇ ಕಾಲು ಸೋಲುತ್ತಿದೆ ಎಂದರು. ಹುಟ್ಟಿನಿಂದಲೇ ಬಂದದ್ದು, ಮಾತ್ರೆ ಇಲ್ಲ, ವ್ಯಾಯಾಮವನ್ನು ಹದವಾಗಿ ಮಾಡಬೇಕು, ಬೀಳದಂತೆ ನೋಡಿಕೊಳ್ಳಬೇಕು. ನಾನು ಎದ್ದು ಪ್ರಯೋಗಾಲಯದ ಬಾಗಿಲಿಗೆ ಹೋದೆ.

"ಮೇಡಂ, ಇಲ್ಲ ಅಂತ ಹೇಳಿದ್ರು. ಇಲ್ಲದ್ದನ್ನ ಹೆಂಗೆ ನೋಡಿದ್ರಿ?"

ಅವರು ಕೈಗವಸು ಕಳಚಿ, "ಇದನ್ನ ಯಾರೂ ಕೇಳಲ್ಲ. ಬನ್ನಿ, ಚಪ್ಪಲಿ ಹೊರಗೆ ಬಿಡಿ," ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಹೆಪ್ಪುಗಟ್ಟಿದ ಚೂರಿನಲ್ಲಿ ಸ್ವಲ್ಪವನ್ನು ಆ ಚಳಿಯಲ್ಲೇ ಕುಟ್ಟಿ ಪುಡಿ ಮಾಡುತ್ತಾರೆ. ಸಾಬೂನಿನಂಥದ್ದು ಬೆರೆಸಿದ ನೀರಿನಲ್ಲಿ ಕಲೆಸಿ ಕುದಿಸುತ್ತಾರೆ. ಮಾಂಸದೊಳಗೆ ಗಂಟುಗಂಟಾಗಿ ಕೂತ ಪ್ರೋಟೀನುಗಳೆಲ್ಲ ಬಿಚ್ಚಿಕೊಂಡು ದಾರದಂತೆ ಆಗುತ್ತವೆ. ಆಮೇಲೆ ಅದನ್ನು ತೆಳ್ಳಗಿನ ಅಂಟಂಟು ಹಾಳೆಯೊಂದರ ತುದಿಯಲ್ಲಿರುವ ಸಣ್ಣ ಗುಳಿಗೆ ತುಂಬಿ ಕರೆಂಟು ಹಾಯಿಸುತ್ತಾರೆ. ಚಿಕ್ಕವು ಆ ಹಾಳೆಯೊಳಗಿನ ಕಣ್ಣಿಗೆ ಕಾಣದ ಜಾಳಿಗೆಯಲ್ಲಿ ನುಸುಳಿ ದೂರ ಓಡುತ್ತವೆ, ದೊಡ್ಡವು ಹಿಂದೆಯೇ ಸಿಕ್ಕಿಕೊಳ್ಳುತ್ತವೆ. ಕಾಫಿ ಕ್ಯೂರಿಂಗಿನಲ್ಲಿ ಬೀಜಗಳನ್ನು ಜರಡಿಯಿಂದ ಜರಡಿಗೆ ಇಳಿಸಿ ಗಾತ್ರ ಬೇರೆ ಮಾಡುವುದಿಲ್ಲವೇ, ಹಾಗೆ. ಹೀಗೆ ಬೇರೆಯಾದದ್ದನ್ನು ಒಂದು ಬಿಳಿ ಕಾಗದದಂಥದ್ದಕ್ಕೆ ಅಚ್ಚೊತ್ತಿಸಿಕೊಂಡು, ಬೇಕಾದ ಪ್ರೋಟೀನಿಗೆ ಮಾತ್ರ ಹೋಗಿ ಅಂಟುವ ಔಷಧಿಯನ್ನು ಅದರ ಮೇಲೆ ಬಿಡುತ್ತಾರೆ. ಎಲ್ಲಿ ಅಂಟಿತೋ ಅಲ್ಲಿ ಗೆರೆ ಮೂಡುತ್ತದೆ.

ಔಷಧಿ ಬಿಡುವ ಮೊದಲು ಕಾಗದವನ್ನು ಹಾಲಿನ ಪುಡಿ ಕಲೆಸಿದ ನೀರಿನಲ್ಲಿ ನೆನೆಸಿಡುತ್ತಾರೆ ಎಂದಾಗ ನಾನು ನಿಂತುಬಿಟ್ಟೆ. ಮೇಜಿನ ಮೇಲೆ ನಿಜವಾಗಿಯೂ ಹಾಲಿನ ಪುಡಿಯ ಡಬ್ಬಿ ಇತ್ತು.

"ಇದು ಎಂತಕ್ಕೆ ಮೇಡಂ? ಕಾಫಿ ಮಾಡೋಕಾ?"

ಅವರು ನಕ್ಕರು. "ಔಷಧಿ ಎಲ್ಲೆಂದರಲ್ಲಿ ಅಂಟಬಾರ್ದಲ್ಲ. ಖಾಲಿ ಜಾಗಾನೆಲ್ಲ ಹಾಲು ಮುಚ್ಚಿಬಿಡ್ತದೆ. ಆಗ ಅದು ತನ್ನ ಜಾಗಕ್ಕೆ ಮಾತ್ರ ಹೋಗಿ ಅಂಟ್ತದೆ. ಇಲ್ಲಾಂದ್ರೆ ಕಾಗದ ಪೂರ್ತಿ ಕಪ್ಪಾಗಿ, ಎಲ್ಲಾ ಕಡೆ ಅದೇ ಕಂಡಂಗಾಗ್ತದೆ."

ಹಾಲು ಎಂಬುದು ಮಾತ್ರ ನನ್ನ ತಲೆಯಲ್ಲಿ ಮೊಳೆಯಂತೆ ಕೂತಿತು.

ಅವರು ಆ ಗೆರೆಗಳ ಅಚ್ಚು ಬಿದ್ದ, ಎಕ್ಸ್‌ರೇಯಂಥ ಒಂದು ಫಿಲ್ಮನ್ನು ಬೆಳಕಿಗೆ ಹಿಡಿದರು. ಮೇಲಿಂದ ಕೆಳಕ್ಕೆ ಎರಡು ಕಂಬಸಾಲು. ಒಂದರಲ್ಲಿ ಮೇಲ್ಗಡೆ, ದೊಡ್ಡ ಪ್ರೋಟೀನುಗಳು ಸಿಕ್ಕಿಕೊಳ್ಳುವ ಎಡೆಯಲ್ಲಿ, ಕಣ್ಣಿಗೆ ಹಚ್ಚುವ ಕಾಡಿಗೆಯಂಥ ಗೆರೆ. ಇನ್ನೊಂದರಲ್ಲಿ ಅದೇ ಜಾಗ ಖಾಲಿ.

"ಖಾಲಿ ಇರೋದು ನಿಮ್ಮವರದು."

"ಗೆರೆ ಇರೋದು?"

"ಅದು ಬೇರೆಯವರದು. ಕಾಲು ಮುರಿದು ಆಪರೇಷನ್ ಆದವರು ಒಬ್ರು, ಕೇಳಿದ್ದಕ್ಕೆ ಒಪ್ಪಿ ಒಂದು ಚೂರು ಕೊಟ್ರು. ಮಾಂಸದ ರೋಗ ಇಲ್ಲದವರು."

"ಅವರಿಗೆ ರೋಗ ಇಲ್ಲ ಅಂದ್ಮೇಲೆ ಅವರದನ್ನ ಎಂತಕ್ಕೆ ಪರೀಕ್ಷೆ ಮಾಡಿದ್ರಿ?"

ಅವರು ಫಿಲ್ಮನ್ನು ಕೆಳಗಿಟ್ಟರು. "ಅಮ್ಮಾ, ಇವರದೊಂದೇ ಇಟ್ಟು, ಖಾಲಿ ಬಂತು ಅಂತಿಟ್ಕೊಳ್ಳಿ. ಪ್ರೋಟೀನ್ ಇಲ್ಲದೆ ಖಾಲಿ ಬಂತೋ, ನನ್ನ ಔಷಧಿ ಹಾಳಾಗಿ ಖಾಲಿ ಬಂತೋ ಹೆಂಗೆ ಹೇಳೋದು? ರೋಗ ಇಲ್ಲದವರನ್ನೂ ಅದೇ ದಿನ, ಅದೇ ಪಾತ್ರೇಲಿ, ಅದೇ ಕೈಯಲ್ಲಿ ಹಾಯಿಸ್ಬೇಕು. ಅವರಲ್ಲಿ ಗೆರೆ ಬಂದು ಇವರಲ್ಲಿ ಬರದಿದ್ರೆ ಮಾತ್ರ ಬಾಯಿ ಬಿಡಬಹುದು. ಮೊದಲು ನಮ್ಮ ಕೈಯನ್ನೇ ಅನುಮಾನಿಸ್ಬೇಕು."

ಕೆಳಗೆ ಇನ್ನೊಂದು ದಪ್ಪ ಗೆರೆ ತೋರಿಸಿದರು. ಅದು ಎರಡರಲ್ಲೂ ಒಂದೇ ಸಮ ಇತ್ತು. ಎರಡೂ ಕಡೆ ಮಾಂಸ ಸಮವಾಗಿ ಹಾಕಿದ್ದಾರೆ ಎನ್ನುವುದಕ್ಕೆ ಅದು ಸಾಕ್ಷಿಯಂತೆ. ಅಷ್ಟರ ಮೇಲೂ ಎರಡು ಸಲ ಮಾಡಿ ನೋಡಿದ್ದರು.

ಆಮೇಲೆ ನಾನು ಬಂದ ಕೆಲಸ ಕೇಳಿದೆ. ದನಿ ತಗ್ಗಿಸಿ. "ಮದ್ದು ಹಾಕಿದ್ರೆ ಹಿಂಗೆ ಖಾಲಿ ಆಗ್ತದಾ ಮೇಡಂ?"

ಅವರು ನಗಲಿಲ್ಲ. ಜಾವಳಿ ಕಡೆಯ ಅಜ್ಜಿ ಮನೆಯವರು, ಮದ್ದು ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ನನ್ನ ಮುಖವನ್ನೇ ನೋಡಿ, "ಯಾರು ಹಾಕಿದ್ದು ಅಂತ ಹೇಳ್ತಾರೆ? ನೀವಾ?" ಎಂದರು. ನಾನು ತಲೆ ಆಡಿಸಿದೆ. "ವಿಷ ಆಗಿದ್ರೆ ಇದೊಂದನ್ನೇ ಆರಿಸಿ ತಿಂದು ಉಳಿದಿದ್ದನ್ನೆಲ್ಲ ಬಿಡಲ್ಲಮ್ಮ. ಇದನ್ನ ಮಾಡೋ ಸೂತ್ರವೇ ಅವರ ಮೈಯಲ್ಲಿ ಕೆಟ್ಟಿದೆ. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಎರಡೂ ಕೆಟ್ಟಿದ್ದು ಬಂದು ಸೇರಿದ್ರೆ ಹಿಂಗಾಗ್ತದೆ. ಅವರ ಅಪ್ಪ ಅಮ್ಮ ಸಂಬಂಧಿಕರಾ?"

ನನ್ನ ಹಿಂದೆ ಗೋಡೆ ಹಿಡಿದುಕೊಂಡು ಮೈದುನ ಬಂದು ನಿಂತಿದ್ದ. ನನ್ನ ಬದಲು ಅವನೇ ಹೇಳಿದ. "ಹೌದು ಮೇಡಂ. ಅಮ್ಮ ಸೋದರಮಾವನ್ನೇ ಮದುವೆ ಆಗಿದ್ದು."

ತಿರುಗಿ ಬರುವ ಬಸ್ಸಿನಲ್ಲಿ ನನ್ನ ಎದೆ ಹಗುರಾಗಿತ್ತು. ಸುಳ್ಳು ಹೇಳುವುದಿಲ್ಲ, ಒಳಗೊಳಗೆ ಕುಣಿಯುತ್ತಿತ್ತು. ಮದ್ದು ನನ್ನ ಕೈಯಲ್ಲಿರಲಿಲ್ಲ, ಅತ್ತೆಯ ಒಡಲಲ್ಲೇ ಇತ್ತು ಎಂದು ಅವರ ಮುಖಕ್ಕೇ ಹೇಳುವ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಹಾಸನ ದಾಟಿದ ಮೇಲೆ ಮೈದುನ ಮುಂದಿನ ಸೀಟಿನಿಂದ ಕತ್ತು ತಿರುಗಿಸಿದ.

"ಅತ್ಗೆ, ಆ ಸಂಬಂಧದ ಮಾತು ಅಮ್ಮಂಗೆ ಹೇಳ್ಬೇಡಿ. ಗೆರೆ ಇಲ್ಲ ಅಂತ ಹೇಳಿ, ಸಾಕು. ತನ್ನಿಂದಲೇ ಬಂದಿದ್ದು ಅಂತ ಗೊತ್ತಾದ್ರೆ ಅಮ್ಮ ಉಳಿಯಲ್ಲ."

"ಹಂಗಾರೆ ನಾನು?"

"ನೀವು ಗಟ್ಟಿ," ಎಂದ. ತಮಾಷೆಯ ದನಿಯಲ್ಲ. ನಮ್ಮನೆಯವರು ಈ ಸಲವೂ ಕಿಟಕಿ ಕಡೆ ನೋಡುತ್ತಿದ್ದರು.

ಮನೆಗೆ ಬಂದು ಅಷ್ಟೇ ಹೇಳಿದೆವು. ಮಾಂಸದೊಳಗೆ ಇರಬೇಕಾದ ಒಂದು ಗೆರೆ ಇವನಲ್ಲಿ ಇಲ್ಲ, ಅದಕ್ಕೆ ಹೀಗೆ.

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಎಲ್ಲರಲ್ಲೂ ಇರೋದು ಇವನಲ್ಲಿ ಇಲ್ಲ ಅಂದ್ರೆ ಎಲ್ಲಿಗೆ ಹೋಯ್ತು? ಮದ್ದೇ ತಿಂದಿದೆ."

"ವಿಷ ಆದ್ರೆ ಉಳಿದಿದ್ದನ್ನೂ ತಿಂತಿತ್ತಂತೆ ಅತ್ತೆ."

"ಮದ್ದು ಹಾಕೋರಿಗೆ ಯಾವ್ದು ತಿನ್ನಿಸ್ಬೇಕು, ಯಾವ್ದು ಬಿಡಿಸ್ಬೇಕು ಅಂತ ಗೊತ್ತಿರ್ತದೆ." ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. "ನಿಂಗೆ ಗೊತ್ತಿಲ್ದೆ ಉಂಟಾ?"

ಬೆಂಗಳೂರಿನ ಅಷ್ಟು ದೊಡ್ಡ ಪರೀಕ್ಷೆ ನಮ್ಮ ಅಡುಗೆಮನೆಯ ಹೊಸಿಲು ದಾಟಲಿಲ್ಲ. ದಾಟಿಸಬಲ್ಲ ಮಾತು ಒಂದಿತ್ತು, ಅದನ್ನು ಆಡುವ ಹಾಗಿರಲಿಲ್ಲ. ಆಡಿಬಿಡೋಣ ಎಂದು ಎಷ್ಟು ಸಲ ನಾಲಿಗೆಯ ತುದಿಗೆ ಬಂದಿತೋ. ಪಾತ್ರೆ ಉಜ್ಜುವಾಗ ಬೂದಿಯೊಂದಿಗೆ ಅದನ್ನೂ ಉಜ್ಜಿ ಹಾಕುತ್ತಿದ್ದೆ.

ಮಳೆಗೆ ಮುಂಚೆ ಅತ್ತೆ ಅಜ್ಜನಿಗೆ ಮತ್ತೆ ಹೇಳಿ ಕಳಿಸಿದರು. ಮದ್ದು ಮರಳಿ ಬೇರು ಬಿಟ್ಟಿದೆ, ಇನ್ನೊಂದು ಸಲ ತೆಗೆಯಬೇಕು ಎಂದು.

ಅಂಗಳದಲ್ಲಿ ಅದೇ ಮಣೆ, ಅದೇ ಬಾಳೆಎಲೆ. ಅತ್ತೆ ತಾವೇ ಕರೆದ ಹಾಲನ್ನು ಲೋಟದಲ್ಲಿ ತಂದಿಟ್ಟರು. ಅಜ್ಜ ಸೊಪ್ಪು ಹಿಂಡಿದ. ಬಿಳಿ ಹಾಲಿನ ಮೇಲೆ ಹಸಿರು ಹನಿಗಳು ಇಳಿದವು. ಆ ಹಾಲನ್ನು ನೋಡುತ್ತ ನಿಂತಾಗ ಪ್ರಯೋಗಾಲಯದ ಡಬ್ಬಿ ನೆನಪಾಯಿತು, ಅದರ ಹಿಂದೆಯೇ ಆ ಇನ್ನೊಂದು ಕಂಬಸಾಲು, ರೋಗವಿಲ್ಲದವನದು. ಹಾಲು ಹೋಗುತ್ತದೆ, ಗಂಟು ಬರುತ್ತದೆ. ಮದ್ದು ಇಲ್ಲದವರಿಗೆ ಇದನ್ನು ಯಾರಾದರೂ ಕುಡಿಸಿ ನೋಡಿದ್ದಾರೆಯೇ?

"ಅಜ್ಜ," ಎಂದೆ. "ನಂಗೂ ಒಂದು ಲೋಟ ಮಾಡಿ. ಅದೇ ಸೊಪ್ಪು, ಅದೇ ಹಾಲು."

ಅಜ್ಜನ ಕೈ ನಿಂತಿತು. "ಮದ್ದು ಇಲ್ಲದ ಮೈಗೆ ಇದನ್ನ ಕೊಡಬಾರ್ದು ಅಮ್ಮಾ. ಕರುಳು ಕಿತ್ತು ಬರ್ತದೆ."

"ಬರ್ಲಿ. ಬರೋದನ್ನ ಎಲ್ಲರೂ ನೋಡ್ಲಿ."

ಅಜ್ಜ ಅತ್ತೆಯ ಮುಖ ನೋಡಿದ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಅನುಮಾನಕ್ಕೆ ಆ ದಿನ ನಾನು ಕೈಮುಗಿಯಬೇಕು, ಏಕೆಂದರೆ ಅದೇ ನನ್ನ ನೆರವಿಗೆ ಬಂತು. "ಕೊಡಿ," ಎಂದರು. "ಹಾಕಿದವಳ ಹೊಟ್ಟೇಲಿ ಎಂತ ಇರ್ತದೆ ನೋಡೇಬಿಡೋಣ." ಇನ್ನೊಂದು ಲೋಟ ಹಾಲು ತಂದರು, ತಾವೇ.

ಮೈದುನನ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಕೊಂಡು ಕೂತೆ. ಇಬ್ಬರೂ ಒಟ್ಟಿಗೆ ಕುಡಿದೆವು. ಕಹಿ ನೆತ್ತಿಗೆ ಏರಿತು. "ಅತ್ಗೆ, ಇವತ್ತು ಪಕ್ಕದವನ ಗೆರೆ ನೀವು ಅಂತ ಗೊತ್ತಾಯ್ತು ನಂಗೆ," ಎಂದು ಅವನು ಪಿಸುಗುಟ್ಟಿದ. ಎಲ್ಲರಿಗಿಂತ ಮೊದಲು ಅವನಿಗೆ ಅರ್ಥವಾಗಿತ್ತು. ಉಪ್ಪುನೀರು ಕುಡಿದದ್ದೇ ತಡ, ಅಜ್ಜ ಹೇಳಿದಂತೆ ಕರುಳೇ ಬಂದಂತಾಯಿತು. ಕಣ್ಣು ಕತ್ತಲೆ ಕಟ್ಟಿ, ಅಂಗಳದ ಸೆಗಣಿ ನೆಲವನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಕಡ್ಡಿ ಹಿಡಿದು ಅಜ್ಜ ಕೆದಕಿದ. ಮೈದುನನದರಲ್ಲಿ ಗಂಟು ಬಂತು. ಹಸಿರು ಕಂದು, ರಬ್ಬರಿನಂತೆ. ನನ್ನದರಲ್ಲಿ ಕೆದಕಲು ಅವನಿಗೆ ಮನಸ್ಸಿರಲಿಲ್ಲ. ಮೈದುನನೇ ಆ ಕಡ್ಡಿ ಕಸಿದುಕೊಂಡು ಬಾಗಿ ಎತ್ತಿದ. ಅದೇ ಬಣ್ಣ, ಅದೇ ಗಾತ್ರ, ಒತ್ತಿದರೆ ಅದೇ ಒತ್ತು. ಬಾಳೆಎಲೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟ. ಯಾವುದು ಯಾರದೆಂದು ಹೆತ್ತ ತಾಯಿಗೂ ಹೇಳಲಾಗದು.

ಅಜ್ಜ ಎರಡನ್ನೂ ಬಾಗಿ ನೋಡಿದ. "ಹಂಗಾರೆ... ಈಯಮ್ಮಂಗೂ ಯಾರೋ ಹಾಕಿದ್ದಾರೆ."

"ಯಾರು ಅಜ್ಜ?" ಮೈದುನನ ದನಿಯಲ್ಲಿ ಹಳೆಯ ತುಂಟತನ ತಿರುಗಿ ಬಂದಿತ್ತು. "ಹೆಂಗಸಿನ ಕೈಯಾ? ಮನೆ ಒಳಗಿನದಾ?"

ಅಷ್ಟು ವರ್ಷ ನಾನು ಉಂಡದ್ದು ಒಬ್ಬರ ಕೈಯಿಂದ ಮಾತ್ರ. ಒಲೆ ಅವರದು, ಸೌಟು ಅವರದು, ಹಾಲೂ ಅವರೇ ಕರೆದದ್ದು. ಅಜ್ಜನಿಗೂ ಅದು ಗೊತ್ತಿತ್ತು. ಅವನು ಚೀಲಕ್ಕೆ ಸೊಪ್ಪು ತುಂಬಿಕೊಳ್ಳತೊಡಗಿದ. ಅವನನ್ನು ಕಳ್ಳ ಎಂದು ನಾನು ಇವತ್ತಿಗೂ ಹೇಳಲಾರೆ. ಮದ್ದಿಲ್ಲದವರಿಗೆ ಕುಡಿಸಿ ನೋಡಬೇಕು ಎಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ, ಅಷ್ಟೇ.

ಅತ್ತೆ ಬಾಳೆಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಗಂಟುಗಳನ್ನು ಬೆರಳಿನಿಂದ ಒತ್ತಿ ನೋಡಿದರು. ಮೂಸಿದರು. ಗಿಣ್ಣು ಕಾಯಿಸಿ ಕಾಯಿಸಿ ಕೈ ಪಳಗಿದ ಹೆಂಗಸು. ಹಾಲು ಒಡೆದು ಗಟ್ಟಿಯಾದರೆ ಬೆರಳಿಗೆ ಹೇಗೆ ಸಿಗುತ್ತದೆ ಎನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವರು ಅದನ್ನು ಅನುಮಾನಿಸುತ್ತಿದ್ದರು.

ಎದ್ದವರು ಎಲೆಯನ್ನು ಮಡಿಚಿ ತಿಪ್ಪೆಗೆ ಹಾಕಿ ಬಂದರು. ಅಜ್ಜನಿಗೆ ಕೊಡಬೇಕಾದ ಅಕ್ಕಿ, ಕಾಯಿ ಕೊಟ್ಟು, "ಇನ್ನು ಬರೋದು ಬೇಡ, ಗುಡ್ಡ ಇಳಿದು ಹತ್ತೋಕೆ ನಿಮಗೂ ಕಷ್ಟ," ಎಂದರು.

ಅವತ್ತು ಮಧ್ಯಾಹ್ನ ಅನ್ನ ಬಸಿದದ್ದು ಅವರೇ. ಎಲ್ಲರೂ ಕೂತ ಮೇಲೆ ತಪ್ಪಲೆಯ ಮುಂದೆ ನಿಂತುಕೊಂಡರು. ಆಮೇಲೆ ಸೌಟನ್ನು ನನ್ನ ಕಡೆ ಚಾಚಿ, ಬೇರೆ ಕಡೆ ನೋಡುತ್ತ ಹೇಳಿದರು.

"ಹಾಲು ಕರೆದು ಕರೆದು ನನ್ನ ಕೈ ನೋವು. ನೀನೇ ಬಡಿಸು."

ತಪ್ಪಾಯಿತು ಎನ್ನಲಿಲ್ಲ. ಅವರು ಬದುಕಿರುವವರೆಗೂ ಅನ್ನಲಿಲ್ಲ. ಸಂಬಂಧದ ಮಾತನ್ನು ನಾನೂ ಅವರು ಬದುಕಿರುವವರೆಗೂ ಆಡಲಿಲ್ಲ.

ಸೌಟಿನ ಹಿಡಿ ನಾನು ಬಿಟ್ಟಾಗ ಇದ್ದುದಕ್ಕಿಂತ ನುಣುಪಾಗಿತ್ತು. ಮೈದುನನ ತಟ್ಟೆಗೆ ಅನ್ನ ಹಾಕಿ ಸಾರು ಬಿಟ್ಟೆ. ಅವನು ಬೆರಳಲ್ಲಿ ಹುಡುಕುವಂತೆ ಮಾಡಿ, "ಕೋಳಿ ಇನ್ನೂ ಈಜು ಮುಗಿಸಿಲ್ಲ," ಎಂದು ಮೊದಲ ತುತ್ತು ಬಾಯಿಗಿಟ್ಟ. ಅತ್ತೆ ಬಾಗಿಲಿಗೆ ಒರಗಿ, ಆ ಕಪ್ಪಾದ ಚೌಕಟ್ಟನ್ನೇ ಹಿಡಿದುಕೊಂಡು, ನನ್ನ ಕೈಯನ್ನು ನೋಡುತ್ತಿದ್ದರು. ತಪ್ಪಲೆಯಿಂದ ತಟ್ಟೆಗೆ, ತಟ್ಟೆಯಿಂದ ತಪ್ಪಲೆಗೆ.

ನಾನು ಅವಸರ ಮಾಡಲಿಲ್ಲ. ನೋಡಲಿ ಎಂದು ನಿಧಾನವಾಗಿಯೇ ಬಡಿಸಿದೆ.